240 ಅಂದ್ರೆ ಏನು?

ದೊಡ್ಡಪ್ಪನ ಡಿಟಿಪಿ ಅಂಗಡಿ ಚಾಮರಾಜಪೇಟೆಯಲ್ಲಿತ್ತು. ಸಾಹಿತ್ಯ ಪರಿಷತ್ತಿಗೆ ಅಲ್ಲಿಂದ ನಡೆದುಕೊಂಡೇ ಹೋಗಬಹುದಿತ್ತು. ಮದುವೆ ಪತ್ರಿಕೆ, ಸಂಘಗಳ ವಾರ್ಷಿಕ ವರದಿ, ಯಾರೋ ಮೇಷ್ಟ್ರ ಕವನ ಸಂಕಲನ, ಎಲ್ಲಾ ಅಲ್ಲೇ ಟೈಪ್ ಆಗುತ್ತಿತ್ತು. ಅಂಗಡಿ ಮುಚ್ಚಿದ ದಿನ ಅವರು ಮನೆಗೆ ತಂದದ್ದು ಒಂದು ರಟ್ಟಿನ ಡಬ್ಬ. ಅದರ ತುಂಬ ಸೀಡಿಗಳು. ಒಂದು ಸೀಡಿಯಲ್ಲಿ ಅವರು ಓದಿದ ಊರಿನ ಶಾಲೆಯ ಸ್ಮರಣ ಸಂಚಿಕೆ ಇತ್ತು. 164 ಪುಟ, ಪೂರ್ತಿ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅದನ್ನು ಕೇಳುತ್ತಿದ್ದರು.

"ಇದನ್ನ ಫೋನಲ್ಲಿ ಓದೋ ಹಾಗೆ ಮಾಡಿಕೊಡೇ ಪುಟ್ಟಿ. ನೀನು ಸಾಫ್ಟ್‌ವೇರ್‌ನವಳು ಅಲ್ವಾ?" ಅಂದರು.

ಒಂದು ಸಂಜೆಯ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಕೋಡ್ ಅಂತ ನಾನು ಬರೆದದ್ದು ಹನ್ನೆರಡು ಸಾಲು ಇರಬಹುದು. ಉಳಿದದ್ದೆಲ್ಲ ಕಮೆಂಟ್ (ಕೋಡಿನ ಪಕ್ಕ ಓದುವವರಿಗಾಗಿ ಬರೆಯುವ ಟಿಪ್ಪಣಿ) ಮತ್ತು ಡಾಕ್ಯುಮೆಂಟೇಶನ್. ಹತ್ತು ವರ್ಷದಿಂದ ಕೋಡ್ ಬರೆಯುವ ಕೆಲಸದಲ್ಲೇ ಇದ್ದೇನೆ. ಆದರೂ ಕಮೆಂಟ್ ಯಾಕೆ ಬೇಕು ಅನ್ನೋದು ನನಗೆ ಸರಿಯಾಗಿ ತಿಳಿದದ್ದು ಈ ಕೆಲಸದಲ್ಲಿ.

ಮೊದಲು ನುಡಿ ಕಡತದ ಒಳಗೆ ಏನಿರುತ್ತದೆ ಅಂತ ಹೇಳಬೇಕು. ಹಳೆಯ ನುಡಿ ಕಡತದಲ್ಲಿ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಬೇರೆ ಭಾಷೆಗಳ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟ್ ಅದು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಏನೇನೋ. ‘ಕನ್ನಡ’ ಅನ್ನುವ ಪದವನ್ನೇ ತಗೊಳ್ಳಿ. ಫಾಂಟ್ ಇಲ್ಲದ ಫೋನಿನಲ್ಲಿ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಅದೇ ಎ ಕಾಣುತ್ತವೆ. ಕಂಪ್ಯೂಟರಿಗೆ ಇವು ಏಳು ಸಂಖ್ಯೆಗಳು: 80, 192, 163, 192, 223, 113, 192. ಮೂರು ಸಲ ಬಂದಿರುವ 192 ಅಂದರೆ ತಲಕಟ್ಟು. 223 ಅಂದರೆ ನ ಒತ್ತು. ಈಗಿನ ಫೋನುಗಳು ಬಳಸುವುದು ಯೂನಿಕೋಡ್, ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಟ್ಟಿರುವ ಮಾನಕ. ಯೂನಿಕೋಡ್‌ನಲ್ಲಿ ತಲಕಟ್ಟಿಗೆ ಬೇರೆ ಸಂಕೇತವೇ ಇಲ್ಲ, ಕ ಅಂದರೆ ತಲಕಟ್ಟಿನ ಸಮೇತ ಕ. ಅಲ್ಲಿ ‘ಕನ್ನಡ’ ಐದೇ ಸಂಕೇತಗಳಲ್ಲಿ ಮುಗಿಯುತ್ತದೆ.

ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ಓದಿ ತಿದ್ದಬಹುದಾದ) ಪರಿವರ್ತಕ ಸಿಕ್ಕಿತು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಚಿಕ್ಕದು, ಸುಮಾರು 300 ಸಾಲು. ಬಿಡುವಿನ ವೇಳೆಯಲ್ಲಿ ಇಬ್ಬರು ನೋಡಿಕೊಳ್ಳುತ್ತಿದ್ದರು. ಬಳಸುವುದು ಹೇಗೆ ಅಂತ ಹೇಳುವ ಅದರ ರೀಡ್‌ಮಿ ಕಡತದಲ್ಲಿ ಇದ್ದ ಹಾಗೆ ಮಾಡಿದರೆ ಓಡಲೇ ಇಲ್ಲ. ಅಲ್ಲಿದ್ದ ಆದೇಶಗಳು ಪೈಥಾನ್ 2ರ ಕಾಲದವು. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ಬೆಂಬಲ ನಿಂತಿದೆ. ಕೋಡನ್ನು ಯಾರೋ ಆಗಲೇ ಪೈಥಾನ್ 3ಕ್ಕೆ ತಂದಿದ್ದರು. ರೀಡ್‌ಮಿ ಮಾತ್ರ ಹಾಗೇ ಉಳಿದಿತ್ತು. ನನಗೆ ಪೈಥಾನ್ ಗೊತ್ತಿದ್ದರಿಂದ ಅರ್ಧ ಗಂಟೆಯಲ್ಲಿ ದಾರಿ ಸಿಕ್ಕಿತು. ಗೊತ್ತಿಲ್ಲದವರು ಅಲ್ಲಿಂದಲೇ ವಾಪಸ್ ಹೋಗಿರುತ್ತಾರೆ ಅಲ್ವಾ?

ಓಡಿತು. ಬಹುಪಾಲು ಸರಿಯಾಗಿಯೇ ಬಂತು. ಆದರೆ ‘ಸಾಮರ್ಥ್ಯ’ ಇರಬೇಕಾದ ಕಡೆಯಲ್ಲೆಲ್ಲ ‘ಸಾಮಥ’, ಆಮೇಲೆ ಒಂದು ‘ರ್’, ಅದರ ಪಕ್ಕ ಚುಕ್ಕಿ ವೃತ್ತದ ಕೆಳಗೆ ನೇತಾಡುವ ಒಂಟಿ ಯ ಒತ್ತು. ‘ಈರ್ಷ್ಯೆ’ಯೂ ಹಾಗೇ ಒಡೆದಿತ್ತು. ‘ಕರ್ನಾಟಕ’, ‘ವಿದ್ಯಾರ್ಥಿ’, ‘ವರ್ಷ’ ಎಲ್ಲಾ ಚೆನ್ನಾಗಿದ್ದವು. ಅರ್ಕಾವೊತ್ತಿನಲ್ಲಿ ಏನೋ ತೊಂದರೆ ಅಂತ ಅಲ್ಲಿಗೆ ಗೊತ್ತಾಯಿತು. ಕೋಡ್ ತೆಗೆದೆ.

ಕಮೆಂಟ್‌ಗಳು ಇದ್ದವು, ಇಲ್ಲ ಅನ್ನುವ ಹಾಗಿಲ್ಲ. ‘ಇಲ್ಲಿ ಲೂಪ್ ಶುರು’. ‘ಎಣಿಕೆಯನ್ನು ಒಂದು ಹೆಚ್ಚಿಸು’. ಕೋಡ್ ಓದಲು ಬರುವವರಿಗೆ ಅದು ಕಣ್ಣಿಗೇ ಕಾಣುತ್ತದೆ. ಸಂಖ್ಯೆಗಳ ಪಟ್ಟಿಯಲ್ಲಿ 230ರ ಪಕ್ಕ ‘ಅರ್ಕಾವೊತ್ತು’ ಅಂತ ಇತ್ತು. ಸರಿ, ಸಿಕ್ಕಿತು ಅಂತ ಒಂದು ಶನಿವಾರದ ಅರ್ಧ ದಿನ 230ರ ಹಿಂದೆಯೇ ಓಡಾಡಿದೆ. ಎಲ್ಲೂ ತಾಳೆ ಆಗಲಿಲ್ಲ. ಇನ್ನೊಂದು ಕಡೆ ಒಂದು ಸಾಲಿತ್ತು: ಸಂಖ್ಯೆ 240 ಆಗಿದ್ದರೆ, ಹಿಂದಿನ ತುಂಡಿನ ಮುಂದಕ್ಕೆ ‘ರ್’ ಹಾಕು. ಆ ಸಾಲಿನ ಪಕ್ಕ ಒಂದು ಅಕ್ಷರವೂ ಇಲ್ಲ. 240 ಅಂದರೆ ಐಸ್‌ಲ್ಯಾಂಡ್ ಭಾಷೆಯ ‘ಎತ್’ ಅನ್ನುವ ಅಕ್ಷರ. ಅದಕ್ಕೂ ಕನ್ನಡಕ್ಕೂ ಏನು ಸಂಬಂಧ, ಯಾಕೆ ಹಿಂದಕ್ಕೆ ಹೋಗಬೇಕು, ಏನೂ ಗೊತ್ತಾಗಲಿಲ್ಲ.

ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿ ಇಡುವ ಗಿಟ್‌ನಲ್ಲಿ ‘ಬ್ಲೇಮ್’ ಅಂತ ಒಂದು ಆದೇಶ ಇದೆ. ಹೆಸರು ಒರಟು, ಕೆಲಸ ಒಳ್ಳೆಯದು. ಒಂದೊಂದು ಸಾಲನ್ನೂ ಕೊನೆಯ ಸಲ ಯಾರು, ಯಾವಾಗ, ಯಾವ ಕಮಿಟ್‌ನಲ್ಲಿ (ದಾಖಲಿಸಿದ ಬದಲಾವಣೆಯಲ್ಲಿ) ಮುಟ್ಟಿದರು ಅಂತ ತೋರಿಸುತ್ತದೆ. 240ರ ಸಾಲಿನ ಮೇಲೆ ಓಡಿಸಿದೆ. ವರ್ಷ 2014. ಕಮಿಟ್‌ನ ವಿವರದಲ್ಲಿ ಒಂದೇ ಪದ: ‘ಫಿಕ್ಸ್’. ಏನು ಕೆಟ್ಟಿತ್ತು, ಹೇಗೆ ಸರಿಯಾಯಿತು, ಎರಡೂ ಬರೆದವರ ತಲೆಯಲ್ಲೇ ಉಳಿದುಹೋಗಿತ್ತು.

ಭಾನುವಾರ ಹನುಮಂತನಗರಕ್ಕೆ ಹೋದೆ. ದೊಡ್ಡಮ್ಮ ಕಾಫಿ ಕೊಟ್ಟರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ದೊಡ್ಡಪ್ಪನಿಗೆ ತೋರಿಸಿದೆ. ಅವರಿಗೆ ಕೋಡ್ ಗೊತ್ತಿಲ್ಲ. ಕನ್ನಡಕ ಹಣೆಗೆ ಏರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಆ 240 ಯಾವ್ಯಾವ ಪದದಲ್ಲಿ ಬರುತ್ತೆ?"

ಹುಡುಕಿ ಓದಿ ಹೇಳಿದೆ. ಕರ್ನಾಟಕ, ವಿದ್ಯಾರ್ಥಿ, ವರ್ಷ, ಸೂರ್ಯ.

"ಮತ್ತೆ ಅದೇ ಕಣೇ ಅರ್ಕಾವೊತ್ತು. 230 ಎಲ್ಲೆಲ್ಲಿದೆ ನೋಡು."

ಪ್ರಕಾರ, ಕ್ರಮ, ಗ್ರಾಮ.

"ಅದು ರ ಒತ್ತು. ಯಾರೋ ಅದಲು ಬದಲು ಬರೆದಿದ್ದಾರೆ."

ಆಮೇಲೆ ಪೇಪರಿನ ಅಂಚಿನಲ್ಲಿ ‘ಸಾಮರ್ಥ್ಯ’ ಅಂತ ನಿಧಾನವಾಗಿ ಬರೆದು ತೋರಿಸಿದರು. ಮೊದಲು ಥ. ಅದರ ಕೆಳಗೆ ಯ ಒತ್ತು. ಎಲ್ಲಾ ಆದ ಮೇಲೆ, ಕಟ್ಟಕಡೆಗೆ, ಬಲಗಡೆ ಅರ್ಕಾವೊತ್ತು. "ಬಾಯಲ್ಲಿ ಹೇಳುವಾಗ ರ ಮೊದಲು ಬರುತ್ತೆ, ಥ ಆಮೇಲೆ. ಕೈಯಲ್ಲಿ ಬರೆಯುವಾಗ ರ ಕೊನೆಗೆ. ನಾನು ಪ್ರೆಸ್ಸಿಗೆ ಸೇರಿದಾಗ ಮೊಳೆ ಜೋಡಿಸುತ್ತಿದ್ದೆವಲ್ಲ, ಆಗಲೂ ಹಾಗೇ. ಅಕ್ಷರ ಇಟ್ಟು, ಅದರ ಪಕ್ಕ ಅರ್ಕಾವೊತ್ತಿನ ಮೊಳೆ."

ನನಗೆ ಎಲ್ಲಾ ಒಟ್ಟಿಗೆ ತೆರೆದುಕೊಂಡಿತು. ನುಡಿ ಕಡತ ಇಟ್ಟುಕೊಂಡಿರುವುದು ಕೈಯ ಕ್ರಮವನ್ನು. ಯೂನಿಕೋಡ್ ಕೇಳುವುದು ಬಾಯಿಯ ಕ್ರಮವನ್ನು. ‘ಕರ್ನಾಟಕ’ದಲ್ಲಿ 240 ಬಂದಾಗ ಅದರ ಹಿಂದೆ ‘ನಾ’ ಒಂದೇ ತುಂಡು, ಅದರ ಮುಂದಕ್ಕೆ ‘ರ್’ ಹಾಕಿದರೆ ಮುಗಿಯಿತು. ‘ಸಾಮರ್ಥ್ಯ’ದಲ್ಲಿ 240ರ ಹಿಂದೆ ಯ ಒತ್ತು, ಅದರ ಹಿಂದೆ ಥ. ಕೋಡ್ ಒಂದೇ ಹೆಜ್ಜೆ ಹಿಂದೆ ಹೋಗಿ, ಥಕ್ಕೂ ಅದರ ಒತ್ತಿಗೂ ನಡುವೆ ‘ರ್’ ತುರುಕುತ್ತಿತ್ತು. ಒತ್ತುಗಳನ್ನೆಲ್ಲ ದಾಟಿ ಮೂಲ ಅಕ್ಷರದ ತನಕ ಹೋಗಬೇಕಿತ್ತು. ಸರಿಪಡಿಸಲು ಬೇಕಾದದ್ದು ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ಬೇಕಾದ ತಿಳಿವಳಿಕೆ ಇಡೀ ಕೋಡಿನಲ್ಲಿ ಎಲ್ಲೂ ಇರಲಿಲ್ಲ. ಕೋಡನ್ನೇ ಓದದ ಒಬ್ಬ ಹಿರಿಯರ ಕೈಬೆರಳುಗಳಲ್ಲಿ ಇತ್ತು.

ಅಷ್ಟರಲ್ಲಿ ನಾನೂ ಒಂದು ತಪ್ಪು ಮಾಡಿದ್ದೆ. ಕೋಡಿನಲ್ಲಿ ಇನ್ನೊಂದು ಸಾಲಿತ್ತು. ರ ಅಕ್ಷರ ಆದ ಮೇಲೆ ಒತ್ತು ಬಂದರೆ, ಎರಡರ ನಡುವೆ 200ಡಿ ಅನ್ನುವ ಯೂನಿಕೋಡ್ ಸಂಕೇತ ಸೇರಿಸು ಅಂತ. ಅದು ಕಣ್ಣಿಗೆ ಕಾಣದ ಸಂಕೇತ. ಹೆಸರು ಝೀರೋ ವಿಡ್ತ್ ಜಾಯ್ನರ್. ಪಕ್ಕದಲ್ಲಿ ಕಮೆಂಟ್ ಇಲ್ಲ. ಎಲ್ಲಿಂದಲೋ ಕಾಪಿ ಮಾಡುವಾಗ ಅಂಟಿಕೊಂಡ ಕಸ ಅಂದುಕೊಂಡು ನನ್ನ ಪ್ರತಿಯಲ್ಲಿ ಅಳಿಸಿದೆ. ಟೆಸ್ಟ್‌ಗಳು ಎಲ್ಲಾ ಪಾಸ್ ಆದವು. ಸಂಚಿಕೆಯ ಕರಡು ದೊಡ್ಡಪ್ಪನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಪುಟ್ಟಿ, ರ‍್ಯಾಂಕ್ ಪಡೆದ ಮಕ್ಕಳ ಪಟ್ಟಿ ಇದೆಯಲ್ಲ, ಅಲ್ಲಿ ಅಷ್ಟೂ ಕಡೆ ‘ಯಾ’ಗೆ ಅರ್ಕಾವೊತ್ತು ಕೊಟ್ಟಿದ್ದೀಯ."

ನೋಡಿದೆ. ‘ರ‍್ಯಾಂಕ್’ ಇದ್ದದ್ದು ‘ರ್ಯಾಂಕ್’ ಆಗಿತ್ತು. ಕನ್ನಡದಲ್ಲಿ ಈ ರಗೆ ಎರಡು ರೂಪ. ರ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ಯ ಅಂತ ಸುಮ್ನೆ ಕೊಟ್ಟರೆ ಕಂಪ್ಯೂಟರ್ ಅರ್ಕಾವೊತ್ತು ಮಾಡುತ್ತದೆ, ‘ಸೂರ್ಯ’ದಲ್ಲಿ ಇರುವ ಹಾಗೆ. ರ ಪೂರ್ತಿಯಾಗಿ ನಿಂತು ಅದರ ಕೆಳಗೆ ಯ ಒತ್ತು ಬರಬೇಕಾದರೆ ರ ಆದ ಮೇಲೆ, ವಿರಾಮಕ್ಕೆ ಮುಂಚೆ, ಆ 200ಡಿ ಇರಲೇಬೇಕು. ಯೂನಿಕೋಡ್ ಮಾನಕದಲ್ಲೇ ಕನ್ನಡದ ಭಾಗದಲ್ಲಿ ಇದನ್ನು ಬರೆದಿದ್ದಾರೆ. ಇದರ ಜೊತೆಯದು 200ಸಿ, ನಾನ್ ಜಾಯ್ನರ್. ‘ಸಾಫ್ಟ್‌ವೇರ್’ ಅನ್ನುವ ಪದದಲ್ಲೇ ಅದು ಅಡಗಿ ಕೂತಿದೆ. ಇಲ್ಲದಿದ್ದರೆ ‘ಸಾಫ್ಟ್ವೇರ್’ ಅಂತ ವ ಕೆಳಗೆ ಇಳಿದುಬಿಡುತ್ತದೆ. ಮೊದಲು ಆ ಸಾಲು ಬರೆದವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅವರೂ ಎಲ್ಲೋ ‘ರ್ಯಾಂಕ್’ ನೋಡಿ, ಹುಡುಕಾಡಿ, ಕಂಡುಕೊಂಡೇ ಬರೆದಿರುತ್ತಾರೆ. ‘ರ‍್ಯಾಂಕ್‌ಗಾಗಿ’ ಅಂತ ಒಂದು ಪದ ಪಕ್ಕದಲ್ಲಿ ಇದ್ದಿದ್ದರೆ ನಾನು ಆ ಸಾಲನ್ನು ಮುಟ್ಟುತ್ತಲೇ ಇರಲಿಲ್ಲ.

ಆ ರಾತ್ರಿ ಅಳಿಸಿದ್ದನ್ನು ವಾಪಸ್ ಹಾಕಿ, ಪರಿವರ್ತಕವನ್ನು ನೋಡಿಕೊಳ್ಳುವವರಿಗೆ ಬರೆದೆ. ನನಗೆ ಗೊತ್ತಾದದ್ದು ಇಷ್ಟು, ಇದನ್ನು ಕಮೆಂಟ್ ಆಗಿ ಸೇರಿಸಲೇ ಅಂತ. ಎರಡು ದಿನ ಬಿಟ್ಟು ಉತ್ತರ ಬಂತು. ದಯವಿಟ್ಟು ಸೇರಿಸಿ, ಆದರೆ ಬಗ್ ಸರಿಪಡಿಸುವುದನ್ನೂ ಕಮೆಂಟ್ ಸೇರಿಸುವುದನ್ನೂ ಬೇರೆ ಬೇರೆ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಮಾಡಿ, ಕಮೆಂಟ್ ಮೊದಲು ಬರಲಿ ಅಂದರು. ಒಳ್ಳೆಯ ಸಲಹೆ. ಎರಡೂ ಸೇರಿದರೆ ನೋಡುವವರಿಗೆ ಯಾವ ಸಾಲು ನಿಜವಾಗಿ ಬದಲಾಯಿತು ಅಂತ ಹುಡುಕುವುದೇ ಕೆಲಸ ಆಗುತ್ತದೆ. ಆಫೀಸಿನಲ್ಲಿ ಹೊರಗಿನ ಕೋಡಿಗೆ ಕೈ ಹಾಕಲು ಒಪ್ಪಿಗೆ ಬೇಕು. ಅದು ಒಂದು ಮೇಲ್‌ನಲ್ಲಿ ಮುಗಿಯಿತು.

ಮೊದಲ ಸಲ ನಾನು ಕಳಿಸಿದ್ದರಲ್ಲಿ 31 ಕಮೆಂಟ್ ಇದ್ದವು. ತುಂಬ ಶ್ರದ್ಧೆಯಿಂದ ಬರೆದಿದ್ದೆ. ರಿವ್ಯೂ ಮಾಡಿದವರು 19ನ್ನು ತೆಗೆಯಲು ಹೇಳಿದರು. ಬೇಜಾರಾಯಿತು. ಕೂತು ಮತ್ತೆ ಓದಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ಆ 19ರಲ್ಲಿ ನಾನು ಬರೆದದ್ದು ‘ಪಟ್ಟಿಯಿಂದ ತುಂಡನ್ನು ತೆಗೆ’, ‘ಖಾಲಿ ಇದ್ದರೆ ಬಿಟ್ಟುಬಿಡು’ ಅನ್ನುವ ಥರದ್ದು. ಅದು ಕೋಡೇ ಹೇಳುವ ಮಾತು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೋಡಿಂಗ್ ಶೈಲಿಯ ದಾಖಲೆಯಲ್ಲೂ ಇದನ್ನೇ ಖಡಾಖಂಡಿತವಾಗಿ ಹೇಳಿದ್ದಾರೆ, ಕೋಡ್ ಹೇಗೆ ಕೆಲಸ ಮಾಡುತ್ತದೆ ಅಂತ ಕಮೆಂಟ್‌ನಲ್ಲಿ ವಿವರಿಸಲು ಹೋಗಬೇಡಿ ಅಂತ. 240ರ ಮೇಲೆ ನಾನು ಮೊದಲು ಬರೆದದ್ದು: ‘ಅರ್ಕಾವೊತ್ತು ಬಂದರೆ ಹಿಂದೆ ಹೋಗಿ ರ್ ಸೇರಿಸುತ್ತದೆ.’ ಅದರ ಕೆಳಗೆ ಅವರ ಪ್ರಶ್ನೆ ಇತ್ತು: "ಯಾಕೆ ಹಿಂದೆ ಹೋಗಬೇಕು? ನಿಮಗೆ ಅದು ಹೇಗೆ ಗೊತ್ತಾಯಿತೋ ಅದನ್ನೇ ಬರೀರಿ."

ಹೇಗೆ ಗೊತ್ತಾಯಿತು? ಪೇಪರಿನ ಅಂಚಿನಲ್ಲಿ ದೊಡ್ಡಪ್ಪ ಬರೆದು ತೋರಿಸಿದ್ದರಿಂದ. ಹಾಗಾಗಿ ಎರಡನೇ ಸಲ ಹೀಗೆ ಬರೆದೆ: ‘ನುಡಿ ಕಡತದಲ್ಲಿ ಅರ್ಕಾವೊತ್ತು ಕೈಯಲ್ಲಿ ಬರೆಯುವ ಕ್ರಮದಲ್ಲಿ, ಒತ್ತುಗಳ ಆಮೇಲೆ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ರ ಮೊದಲು. ಆದ್ದರಿಂದ ಎಲ್ಲ ಒತ್ತುಗಳನ್ನು ದಾಟಿ ಮೂಲ ವ್ಯಂಜನದ ತನಕ ಹಿಂದೆ ಹೋಗಬೇಕು. ಉದಾಹರಣೆ: ಸಾಮರ್ಥ್ಯ.’ ಇದಕ್ಕೆ ಒಂದೇ ಸಲಕ್ಕೆ ಒಪ್ಪಿಗೆ ಸಿಕ್ಕಿತು.

ಕಮೆಂಟ್ ಯಾವ ಭಾಷೆಯಲ್ಲಿ ಇರಬೇಕು ಅನ್ನುವ ಮಾತಿಗೆ ಮಾತ್ರ ಒಂದು ವಾರ ಚರ್ಚೆ ನಡೆಯಿತು. ಕನ್ನಡದ ಕೆಲಸ ಮಾಡುವ ಕೋಡ್, ಬರೆಯುವವರೂ ಕನ್ನಡದವರು, ಕನ್ನಡದಲ್ಲೇ ಯಾಕೆ ಬೇಡ ಅಂತ ನಾನು ಕೇಳಿದೆ. ಮನಸ್ಸಿನಿಂದಲೇ ಕೇಳಿದೆ. ಪೈಥಾನ್‌ನ ಶೈಲಿ ಕೈಪಿಡಿ ಪೆಪ್ 8ರಲ್ಲಿ ಇದಕ್ಕೆ ಒಂದು ಮಾತಿದೆ. ನಿಮ್ಮ ಭಾಷೆ ಬಾರದವರು ಈ ಕೋಡನ್ನು ಯಾವತ್ತೂ ಓದುವುದಿಲ್ಲ ಅಂತ 120 ಪರ್ಸೆಂಟ್ ಗ್ಯಾರಂಟಿ ಇಲ್ಲದಿದ್ದರೆ ಕಮೆಂಟನ್ನು ಇಂಗ್ಲಿಷಿನಲ್ಲೇ ಬರೆಯಿರಿ ಅಂತ. ನಮ್ಮ ಗ್ಯಾರಂಟಿ ಅಷ್ಟಿರಲಿಲ್ಲ. ಹಳೆಯ ತೆಲುಗು ಫಾಂಟ್‌ಗಳಿಗೆ ಇಂಥದ್ದೇ ಪರಿವರ್ತಕ ಮಾಡುತ್ತಿದ್ದ ಒಬ್ಬರು ಆಗಲೇ ಈ ಕೋಡನ್ನು ಓದುತ್ತಿದ್ದರು. ಕೊನೆಗೆ ವಾಕ್ಯ ಇಂಗ್ಲಿಷಿನಲ್ಲಿ, ಉದಾಹರಣೆಯ ಪದಗಳು ಕನ್ನಡ ಲಿಪಿಯಲ್ಲೇ ಅಂತ ಆಯಿತು. ಪೈಥಾನ್ 3ರಲ್ಲಿ ಕೋಡ್ ಕಡತ ಹೇಗೂ ಯುಟಿಎಫ್-8, ಅಂದರೆ ಯೂನಿಕೋಡನ್ನು ಕಡತದಲ್ಲಿ ಇಡುವ ಒಂದು ಕ್ರಮ. ‘ಸಾಮರ್ಥ್ಯ’ ಅಂತ ನೇರವಾಗಿ ಬರೆದರೆ ಯಾವ ತೊಂದರೆಯೂ ಇಲ್ಲ. ರೀಡ್‌ಮಿ ಮಾತ್ರ ಎರಡೂ ಭಾಷೆಯಲ್ಲಿ ಇರಲಿ ಅಂತ ನಾನು ಪಟ್ಟು ಹಿಡಿದೆ. ಈ ಪರಿವರ್ತಕ ಬೇಕಾಗಿರುವುದು ಡಬ್ಬದ ತುಂಬ ಸೀಡಿ ಇಟ್ಟುಕೊಂಡ ದೊಡ್ಡಪ್ಪನಂಥವರಿಗೆ. ಅವರಿಗೆ ಓದಲು ಬರಬೇಕಾದದ್ದು ಅದೊಂದೇ ಕಡತ. ಕನ್ನಡ ರೀಡ್‌ಮಿಯನ್ನು ಬರೆದು ದೊಡ್ಡಪ್ಪನ ಮುಂದಿಟ್ಟು, ಹೇಳಿದ ಹಾಗೆ ಒಂದೊಂದೇ ಹೆಜ್ಜೆ ಮಾಡಿ ಅಂದೆ. ಮೂರನೆಯ ಹೆಜ್ಜೆಯಲ್ಲಿ ನಿಂತರು. ‘ಟರ್ಮಿನಲ್ ತೆರೆಯಿರಿ’ ಅಂತ ಬರೆದಿದ್ದೆ, ಅದು ಎಲ್ಲಿರುತ್ತದೆ ಅಂತ ಬರೆದಿರಲಿಲ್ಲ. ಸೇರಿಸಿದೆ.

230ರ ತಪ್ಪು ಕಮೆಂಟ್ ನನ್ನನ್ನು ಬಹಳ ಕಾಡಿತು. ಕೋಡಿಗೆ ವಿರುದ್ಧವಾದ ಕಮೆಂಟ್ ಇರುವುದಕ್ಕಿಂತ ಕಮೆಂಟ್ ಇಲ್ಲದಿರುವುದೇ ಮೇಲು ಅಂತ ಪೆಪ್ 8 ಹೇಳುತ್ತದೆ. ಅದು ನನಗೆ ಅರ್ಧ ದಿನದ ಅನುಭವ. ನಾಳೆ ಯಾರಾದರೂ ಕೋಡ್ ಬದಲಿಸಿ ಕಮೆಂಟ್ ಬದಲಿಸಲು ಮರೆತರೆ ನಾನು ಬರೆದದ್ದೂ ಹಾಗೇ ಆಗುತ್ತದೆ. ಇದಕ್ಕೆ ಪೈಥಾನ್‌ನಲ್ಲಿ ಡಾಕ್‌ಟೆಸ್ಟ್ ಅಂತ ಒಂದು ವ್ಯವಸ್ಥೆ ಇದೆ. ಒಂದು ಕೆಲಸ ಮಾಡುವ ಕೋಡಿನ ತುಂಡಿಗೆ ಫಂಕ್ಷನ್ ಅನ್ನುತ್ತಾರೆ, ಅದರ ತಲೆಯಲ್ಲಿ ಬರೆಯುವ ವಿವರಣೆಗೆ ಡಾಕ್‌ಸ್ಟ್ರಿಂಗ್ ಅನ್ನುತ್ತಾರೆ. ಅದರೊಳಗೆ ‘ಇದು ಕೊಟ್ಟರೆ ಇದು ಬರುತ್ತದೆ’ ಅಂತ ಉದಾಹರಣೆ ಬರೆದರೆ, ಡಾಕ್‌ಟೆಸ್ಟ್ ಅದನ್ನು ನಿಜವಾಗಿಯೂ ಓಡಿಸಿ ನೋಡುತ್ತದೆ. ಉತ್ತರ ಬೇರೆ ಬಂದರೆ ತಪ್ಪು ಅಂತ ಹೇಳುತ್ತದೆ. ವಾಕ್ಯ ಸುಳ್ಳಾಗಬಹುದು, ಉದಾಹರಣೆ ಸುಳ್ಳಾದರೆ ಆ ಕ್ಷಣವೇ ಸಿಕ್ಕಿಬೀಳುತ್ತದೆ. ಕರ್ನಾಟಕ, ಸಾಮರ್ಥ್ಯ, ಈರ್ಷ್ಯೆ, ರ‍್ಯಾಂಕ್, ನಾಲ್ಕನ್ನೂ ಹಾಗೆ ಬರೆದೆ. ‘ರ‍್ಯಾಂಕ್’ ಉದಾಹರಣೆಯಲ್ಲಿ ಮಾತ್ರ 200ಡಿಯನ್ನು ಸಂಖ್ಯೆಯಾಗಿಯೇ ಬರೆದೆ. ಇಲ್ಲದಿದ್ದರೆ ಮುಂದೆ ಓದುವವರಿಗೆ ಅಲ್ಲಿ ಏನೋ ಇದೆ ಅಂತ ಕಾಣುವುದೇ ಇಲ್ಲ.

ಮೂರು ಭಾನುವಾರ ದೊಡ್ಡಪ್ಪನ ಜೊತೆ ಕೂತು ಪಟ್ಟಿಯ ಅಷ್ಟೂ ಸಂಖ್ಯೆಗಳಿಗೆ ಹೆಸರು ಬರೆದೆವು. ತಲಕಟ್ಟು, ಗುಡಿಸು, ಕೊಂಬು, ಏತ್ವ, ಐತ್ವ, ದೀರ್ಘ. ಈ ಹೆಸರುಗಳನ್ನು ನಾನು ಒಂದನೇ ಕ್ಲಾಸಿನ ಆಮೇಲೆ ಬಾಯಲ್ಲಿ ಹೇಳಿಯೇ ಇರಲಿಲ್ಲ. ಅವರು ಹೇಳುತ್ತಾ ಹೋದರು, ನಾನು ಸಾಲಿನ ಪಕ್ಕ ಟೈಪ್ ಮಾಡುತ್ತಾ ಹೋದೆ. 192ರ ಪಕ್ಕ ‘ತಲಕಟ್ಟು’ ಅಂತ ಬರೆದಾಗ ಪರದೆಗೆ ಹತ್ತಿರ ಬಗ್ಗಿ ನೋಡಿ, "ಇದು ಇನ್ನು ಇಲ್ಲೇ ಇರುತ್ತಾ?" ಅಂದರು. ಇರುತ್ತೆ ದೊಡ್ಡಪ್ಪ ಅಂದೆ. ಕಮಿಟ್‌ನ ವಿವರದಲ್ಲಿ ‘ಫಿಕ್ಸ್’ ಅಂತ ಬರೆಯಲಿಲ್ಲ. ಯಾವ ಪದ ಒಡೆದಿತ್ತು, ಯಾಕೆ, ಯಾರು ಹೇಳಿದ್ದರಿಂದ ಗೊತ್ತಾಯಿತು, ಎಲ್ಲಾ ಎಂಟು ಸಾಲಿನಲ್ಲಿ ಬರೆದೆ. ಮುಂದಿನವರು ಬ್ಲೇಮ್ ಓಡಿಸಿದರೆ ಅವರಿಗೆ ಅದು ಸಿಗುತ್ತದೆ.

ಎರಡೂ ಪುಲ್ ರಿಕ್ವೆಸ್ಟ್ ಮರ್ಜ್ ಆದವು, ಅಂದರೆ ಮೂಲ ಕೋಡಿಗೆ ಸೇರಿದವು. ಸ್ಮರಣ ಸಂಚಿಕೆಯನ್ನು ಮತ್ತೆ ಪರಿವರ್ತಿಸಿ ಗುಂಪಿಗೆ ಕಳಿಸಿದೆವು. ಆಗ 112ನೇ ಪುಟದಲ್ಲಿ ‘ಕನಾ9ಟಕ’ ಅಂತ ಒಂದು ಪದ ಸಿಕ್ಕಿತು. ಪರಿವರ್ತಕದಲ್ಲಿ ಮತ್ತೊಂದು ಬಗ್ ಅಂತ ನಾನು ಗಾಬರಿಯಿಂದ ಕೋಡ್ ತೆಗೆದೆ. ಮೂಲ ಕಡತದಲ್ಲಿ ಅಲ್ಲಿ 240 ಇರಲೇ ಇಲ್ಲ. ನಿಜವಾಗಿಯೂ ಒಂಬತ್ತು ಇತ್ತು. ದೊಡ್ಡಪ್ಪ ಕೇಳಿ ತಲೆಯಾಡಿಸಿದರು. "ಅಂಗಡಿಗೆ ಹೊಸದಾಗಿ ಬಂದ ಹುಡುಗರು ಹಾಗೆ ಮಾಡುತ್ತಿದ್ದರು. ಕನ್ನಡದ ೯ ನೋಡೋಕೆ ಅರ್ಕಾವೊತ್ತಿನ ಥರಾನೇ ಅಲ್ವಾ? ಅರ್ಕಾವೊತ್ತಿನ ಕೀಲಿ ಗೊತ್ತಾಗದಿದ್ದರೆ ಒಂಬತ್ತು ಹೊಡೆದುಬಿಡೋರು. ಪ್ರಿಂಟಿನಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ."

ಇದನ್ನು ಕೋಡ್ ತಾನಾಗಿ ಸರಿಪಡಿಸಲು ಆಗುವುದಿಲ್ಲ. ಪದದ ನಡುವೆ ಬಂದ ಎಲ್ಲ ಒಂಬತ್ತೂ ಅರ್ಕಾವೊತ್ತು ಅಂತ ಹೇಳಲು ಬರುವುದಿಲ್ಲ, ಮನೆ ಸಂಖ್ಯೆಗಳೂ ದಿನಾಂಕಗಳೂ ಇರುತ್ತವೆ. ಹಾಗಾಗಿ ರೀಡ್‌ಮಿಯ ಕೊನೆಯಲ್ಲಿ, ಗೊತ್ತಿರುವ ಕೊರತೆಗಳು ಅನ್ನುವ ಭಾಗದಲ್ಲಿ, ಎರಡೂ ಭಾಷೆಯಲ್ಲಿ ಬರೆದೆ: ಪರಿವರ್ತನೆ ಆದ ಮೇಲೆ ಪದಗಳ ನಡುವೆ 9 ಹುಡುಕಿ, ಹಳೆಯ ಕಡತಗಳಲ್ಲಿ ಅರ್ಕಾವೊತ್ತಿನ ಬದಲು ಅದನ್ನು ಟೈಪ್ ಮಾಡಿರಬಹುದು.

ದೊಡ್ಡಪ್ಪ ಈಗ ಫೋನಿನಲ್ಲಿ ಕೂತು 164 ಪುಟವನ್ನೂ ಒಂದೊಂದೇ ಸಾಲು ಓದುತ್ತಿದ್ದಾರೆ. ಸಿಕ್ಕಿದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು, ಕೆಂಪು ಗೆರೆ ಎಳೆದು ಕಳಿಸುತ್ತಾರೆ. ಇಲ್ಲಿಯವರೆಗೆ 23 ಆಗಿವೆ. ಇವತ್ತು ಬೆಳಿಗ್ಗೆ ಬಂದದ್ದು: ‘ಹೊಸ ವಷ9ದ ಶುಭಾಶಯಗಳು’.